ಕಡಲ ಗಾಳಿಯಲ್ಲಿ ಹಳೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರ: ದುರಸ್ತಿ ಮತ್ತು ನವೀಕರಣದ ಕ್ರಮ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಾರವಾರದ ಬೈತಖೋಲ, ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ದೋಣಿಗಳು ದಡ ಸೇರುತ್ತವೆ. ಅವುಗಳ ಶಾಫ್ಟುಗಳಿಗೆ ಹೊಸ ಕೀ-ವೇ (ಕೀಲಿ ಕೂರುವ ಕಾಲುವೆ) ಕೊರೆಯುವುದು, ಕಪ್ಲಿಂಗ್ ಫ್ಲೇಂಜು ಮಾಡುವುದು, ಗೇರ್‌ಬಾಕ್ಸ್ ಮುಚ್ಚಳದ ಮುಖ ಸವರುವುದು ಮುಂತಾದ ಕೆಲಸಗಳೆಲ್ಲ ಆ ಎರಡು ತಿಂಗಳಲ್ಲಿ ಒಟ್ಟಿಗೆ ವರ್ಕ್‌ಶಾಪಿನ ಬಾಗಿಲಿಗೆ ಬರುತ್ತವೆ. ವರ್ಷದ ಅತಿ ಹೆಚ್ಚು ಕೆಲಸ ಮತ್ತು ವರ್ಷದ ಅತಿ ಹೆಚ್ಚು ತೇವ ಇಲ್ಲಿ ಒಂದೇ ಕಾಲಕ್ಕೆ ಬರುವುದರಿಂದ, ಕಂಪ್ಯೂಟರಿನ ಆಜ್ಞೆಯಂತೆ ಲೋಹ ಕೊರೆಯುವ ಹಳೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರವೊಂದನ್ನು ತಂದು ಸರಿಪಡಿಸಿಕೊಳ್ಳುವವರು ದೀಪಾವಳಿಯ ನಂತರ ಆರಂಭಿಸಿ ಮೇ ತಿಂಗಳ ನಡುವಿನೊಳಗೆ ಮುಗಿಸುವ ಲೆಕ್ಕ ಹಾಕಬೇಕು. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುವ ಯಂತ್ರಗಳ ಬಿಡಿಭಾಗ ಮಾಡುವವರಿಗೆ ಕೆಲಸದ ಋತು ಬೇರೆ. ಉಪ್ಪುಗಾಳಿಯ ಕಾಟವೂ ಕಡಿಮೆ. ಆದರೆ ಕೆಲಸದ ಕ್ರಮ ಇಬ್ಬರಿಗೂ ಒಂದೇ.

ಆ ಕ್ರಮವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲು ಕಬ್ಬಿಣ, ಆಮೇಲೆ ಕರೆಂಟು, ಕಡೆಗೆ ಕಂಟ್ರೋಲ್, ಅಂದರೆ ಯಂತ್ರವನ್ನು ನಡೆಸುವ ಕಂಪ್ಯೂಟರು. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ನಾನೂ ಮೊದಲ ಯಂತ್ರದಲ್ಲಿ ಹಾಗೆಯೇ ಮಾಡಿದೆ. ಹೊಸ ಕಂಟ್ರೋಲ್, ಹೊಸ ಪರದೆ ಎಲ್ಲವನ್ನೂ ಕೂರಿಸಿ, ಮೂರು ವಾರ ವೈರಿಂಗ್ ಮಾಡಿ, ಮೊದಲ ವೃತ್ತವನ್ನು ಕೊರೆದಾಗ ಅದು ಮೊಟ್ಟೆಯಾಕಾರದಲ್ಲಿ ಬಂತು. ಟೇಬಲ್ಲನ್ನು ಎಕ್ಸ್ ಅಕ್ಷದಲ್ಲಿ ಜರುಗಿಸುವ ಬಾಲ್ ಸ್ಕ್ರೂವಿನ ನಡುಭಾಗದಲ್ಲಿ 0.12 ಮಿ.ಮೀ. ಪ್ಲೇ, ಅಂದರೆ ಸಡಿಲ, ಇತ್ತು. ಅದನ್ನು ಬಿಚ್ಚಿ ತೆಗೆಯಲು ಹೊಸದಾಗಿ ಎಳೆದ ಕೇಬಲ್‌ಗಳಲ್ಲಿ ಅರ್ಧವನ್ನು ಮತ್ತೆ ಕಳಚಬೇಕಾಯಿತು.

ಕೊಳ್ಳುವ ಮೊದಲು

ನಮ್ಮ ಕಡೆಗೆ ಬರುವ ಹಳೆಯ ಯಂತ್ರಗಳು ಸಾಮಾನ್ಯವಾಗಿ ಬೆಂಗಳೂರು, ಬೆಳಗಾವಿ ಅಥವಾ ಹುಬ್ಬಳ್ಳಿಯ ಕಾರ್ಖಾನೆಗಳಲ್ಲಿ ದುಡಿದವು. 1953ರಲ್ಲಿ ಆರಂಭವಾದ ಎಚ್‌ಎಂಟಿ ಮತ್ತು 1961ರಲ್ಲಿ ಆರಂಭವಾದ ಬಿಎಫ್‌ಡಬ್ಲ್ಯೂ ಬೆಂಗಳೂರಿನಲ್ಲಿಯೇ ಬೆಳೆದ ಸಂಸ್ಥೆಗಳಾದ್ದರಿಂದ, ಅವರ ಯಂತ್ರಗಳನ್ನು ಬಿಚ್ಚಿ ಕಟ್ಟಿ ಬಲ್ಲ ಫಿಟ್ಟರುಗಳು ರಾಜ್ಯದಲ್ಲಿ ಇಂದಿಗೂ ಸಿಗುತ್ತಾರೆ. ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಯಂತ್ರ ನೋಡಲು ಎಷ್ಟೇ ಚೆಂದವಿದ್ದರೂ ಈ ಅನುಕೂಲ ಅದಕ್ಕಿಲ್ಲ. ಜಪಾನಿನ ಯಂತ್ರಗಳು 200 ವೋಲ್ಟ್ ಮೂರು ಫೇಸಿನಲ್ಲಿ ನಡೆಯುವುದರಿಂದ ನಮ್ಮ 415 ವೋಲ್ಟಿನಿಂದ ಇಳಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಮಾರುವವನ ಬಳಿ ಅದೂ ಜೊತೆಗೆ ಇದೆಯೇ ಎಂದು ಕೇಳಿಕೊಳ್ಳಿ.

ನೋಡಲು ಹೋಗುವಾಗ ಅಯಸ್ಕಾಂತದ ಸ್ಟ್ಯಾಂಡು, 0.01 ಮಿ.ಮೀ. ಡಯಲ್ ಗೇಜ್, 0.002 ಮಿ.ಮೀ. ಲಿವರ್ ಡಯಲ್, ಟಾರ್ಚು ಮತ್ತು ಸಾಧ್ಯವಾದರೆ ಸ್ಪಿಂಡಲ್‌ಗೆ (ಟೂಲ್ ಹಿಡಿದು ತಿರುಗುವ ಭಾಗಕ್ಕೆ) ಹೊಂದುವ 300 ಮಿ.ಮೀ. ಟೆಸ್ಟ್ ಮ್ಯಾಂಡ್ರೆಲ್, ಅಂದರೆ ಅಳತೆಗೆಂದೇ ಮಾಡಿದ ನೇರ ಸರಳು, ಒಯ್ಯಬೇಕು. ಹೊಸ ಬಣ್ಣವನ್ನು ನೋಡಬೇಡಿ. ವೇ ಕವರ್ ಸರಿಸಿ, ಟೇಬಲ್ ಜಾರುವ ಹಳಿಯಾದ ಸ್ಲೈಡ್‌ವೇ ಮೇಲೆ ಉಗುರು ಎಳೆದು ನೋಡಿ; ಗೀರು ಉಗುರಿಗೆ ತಗುಲಿ ನಿಂತರೆ, ಲೂಬ್ರಿಕೇಶನ್ ಇಲ್ಲದೆ ಅಥವಾ ಲೋಹದ ಚೂರು (ಚಿಪ್ಸ್) ಒಳಹೊಕ್ಕು ಯಂತ್ರ ಬಹಳ ದಿನ ಓಡಿದೆ ಎಂದು ತಿಳಿಯಬೇಕು. ಯಾವುದೇ ಮಿಲ್ಲಿಂಗ್ ಯಂತ್ರದಲ್ಲಿ ಕೆಲಸವೆಲ್ಲ ಟೇಬಲ್‌ನ ನಡುವಿನಲ್ಲಿಯೇ ನಡೆಯುವುದರಿಂದ ಸವೆತವೂ ನಡುವಿನಲ್ಲಿಯೇ ಹೆಚ್ಚು. ಹಾಗಾಗಿ ಪ್ಲೇ ಅಳೆಯುವಾಗ ಎರಡೂ ತುದಿಗಳಲ್ಲಿ ಮತ್ತು ನಡುವಿನಲ್ಲಿ, ಅಂದರೆ ಒಂದು ಅಕ್ಷಕ್ಕೆ ಮೂರು ಕಡೆ ಅಳೆಯುವುದು ಕಡ್ಡಾಯ. ಮೂರೂ ಕಡೆ 0.03 ಮಿ.ಮೀ. ಇದ್ದರೆ ಕಂಟ್ರೋಲ್‌ನ ಬ್ಯಾಕ್‌ಲ್ಯಾಶ್ (ಪ್ಲೇ) ಪರಿಹಾರದಲ್ಲಿ ಆ ಅಂಕೆಯನ್ನು ಬರೆದು ಸದ್ಯಕ್ಕೆ ನಿಭಾಯಿಸಬಹುದು. ತುದಿಗಳಲ್ಲಿ 0.01, ನಡುವಿನಲ್ಲಿ 0.08 ಇದ್ದರೆ ಒಂದೇ ಅಂಕೆಯಿಂದ ಅದು ಸರಿಯಾಗದು. ಸ್ಕ್ರೂ ಬದಲಿಸುವ ಅಥವಾ ಗ್ರೈಂಡ್ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಬೇಕು.

ಸ್ಪಿಂಡಲ್ ಅನ್ನು ಅರ್ಧ ಗಂಟೆ ಓಡಿಸಿ ಮೂತಿಯ ಹತ್ತಿರ ಕೈಯಿಡಿ. ಬೆಚ್ಚಗಾಗುವುದು ಸಹಜ, ಕೈಯಿಡಲಾರದಷ್ಟು ಬಿಸಿಯಾಗುವುದು ಬೇರಿಂಗ್ ಹೋಗಿರುವ ಲಕ್ಷಣ. ಓಡದ ಯಂತ್ರವಾದರೆ ಕೈಯಿಂದ ತಿರುಗಿಸಿ, ಎಲ್ಲಿಯಾದರೂ ಕಟಕಟ ಎನ್ನುತ್ತದೆಯೇ ಎಂದು ಕಿವಿಗೊಡಬೇಕು.

ಘಟ್ಟ ಇಳಿಸುವುದು, ಕೂರಿಸುವುದು

ಮೂರು ನಾಲ್ಕು ಟನ್ನಿನ ಯಂತ್ರ ಅರಬೈಲ್ ಘಟ್ಟ ಅಥವಾ ದೇವಿಮನೆ ಘಟ್ಟ ಇಳಿಯುವಾಗ ಪ್ರತಿ ತಿರುವಿನಲ್ಲಿಯೂ ಟೇಬಲ್ ತನ್ನ ಭಾರವನ್ನು ಬಾಲ್ ಸ್ಕ್ರೂ ಮೇಲೆ ಒಗೆಯುತ್ತದೆ. ಆದ್ದರಿಂದ ಟೇಬಲ್ಲನ್ನು ನಡುವಿಗೆ ತಂದು, ಎರಡೂ ಬದಿಯಲ್ಲಿ ಆಂಗಲ್ ಪಟ್ಟಿಯಿಂದ ಬೆಡ್‌ಗೆ ಬಿಗಿದು, ಸ್ಪಿಂಡಲ್ ಹೆಡ್ಡನ್ನು ಗಟ್ಟಿ ಮರದ ದಿಮ್ಮಿಯ ಮೇಲೆ ಇಳಿಸಿ ಕೂರಿಸಬೇಕು. ಹೆಡ್‌ಗೆ ಸರಪಳಿಯಲ್ಲಿ ತೂಗುವ ಪ್ರತಿಭಾರವಿದ್ದರೆ ಅದನ್ನೂ ಕಂಬದ ಒಳಗೆ ಪಿನ್ ಹಾಕಿ ಕಟ್ಟಿ. ಕೂಲೆಂಟ್ ಮತ್ತು ಗೇರ್‌ಬಾಕ್ಸ್ ಎಣ್ಣೆಯನ್ನು ಹೊರಡುವ ಮುಂಚೆ ಖಾಲಿ ಮಾಡಿ. ಮಳೆಗಾಲದಲ್ಲಿ ತರಬೇಡಿ, ತಾಡಪಾಲಿನ ಅಡಿಯಲ್ಲಿ ಒಂದು ರಾತ್ರಿ ನೀರಾವಿ ನಿಂತರೂ ಸ್ಲೈಡ್‌ವೇ ಕೆಂಪಾಗುತ್ತದೆ.

ಕಡಲತೀರದ ಹೊಯಿಗೆ ನೆಲದಲ್ಲಿ ಬರಿಯ ಕಾಂಕ್ರೀಟು ಹಾಸಿನ ಮೇಲೆ ಯಂತ್ರವಿಟ್ಟರೆ ಒಂದು ಮಳೆಗಾಲದಲ್ಲಿ ಅದು ಒಂದು ಮೂಲೆಗೆ ಕುಸಿಯುತ್ತದೆ. ಅಗೆದು, ಗಟ್ಟಿ ಪದರದ ಮೇಲೆ ಕಬ್ಬಿಣ ಕಟ್ಟಿದ ಪ್ರತ್ಯೇಕ ಕಾಂಕ್ರೀಟು ದಿಮ್ಮಿ ಹಾಕಿ, 28 ದಿನ ನೀರುಣಿಸಿ ಗಟ್ಟಿಯಾಗಲು ಬಿಡಿ. ಯಂತ್ರವನ್ನು ಕಡಲಿಗೆ ಮುಖ ಮಾಡಿದ ಶಟರ್‌ನಿಂದ ದೂರ, ಒಳಗೋಡೆಯ ಬದಿಗೆ ಇಡುವುದು ಒಳ್ಳೆಯದು. ಮೀಟರಿಗೆ 0.02 ಮಿ.ಮೀ. ತೋರಿಸುವ ಸ್ಪಿರಿಟ್ ಲೆವೆಲ್ಲನ್ನು ಟೇಬಲ್ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ಲೆವೆಲಿಂಗ್ ಬೋಲ್ಟುಗಳನ್ನು ಹೊಂದಿಸಿ, ಒಂದು ತಿಂಗಳ ನಂತರ ಮತ್ತೊಮ್ಮೆ ನೋಡಬೇಕು. ಲೆವೆಲ್ ತಪ್ಪಿದ ಯಂತ್ರದ ಬೆಡ್ ತಿರುಚಿಕೊಳ್ಳುತ್ತದೆ, ಆಮೇಲೆ ಸ್ಲೈಡ್‌ವೇಯ ಸಡಿಲ ತೆಗೆಯುವ ಗಿಬ್ ಪಟ್ಟಿಯನ್ನು ಎಷ್ಟು ಹೊಂದಿಸಿದರೂ ಅಳತೆ ನಿಲ್ಲುವುದಿಲ್ಲ.

ಕಬ್ಬಿಣದ ಕೆಲಸ

ಪ್ಲೇ ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಹಚ್ಚುವುದಕ್ಕೆ ಮೊದಲು ಸ್ಕ್ರೂ ತೆಗೆಯಲು ಹೋಗಬೇಡಿ. ಅದು ಮೂರು ಕಡೆಯಿಂದ ಬರಬಹುದು, ಮೂರರ ಖರ್ಚೂ ಬೇರೆ ಬೇರೆ. ಸ್ಕ್ರೂವಿನ ತುದಿಯ ಸೆಂಟರ್ ರಂಧ್ರಕ್ಕೆ ಸ್ವಲ್ಪ ಗ್ರೀಸ್ ಹಚ್ಚಿ, ಒಂದು ಉಕ್ಕಿನ ಗುಂಡನ್ನು ಅದರಲ್ಲಿ ಅಂಟಿಸಿ, ಚಪ್ಪಟೆ ಮೂತಿಯ ಡಯಲ್ಲನ್ನು ಆ ಗುಂಡಿಗೆ ತಾಗಿಸಿ. ಇನ್ನೊಂದು ಡಯಲ್ಲನ್ನು ಟೇಬಲ್‌ಗೆ ತಾಗಿಸಿ. ಈಗ ಟೇಬಲ್ಲನ್ನು ಹಿಂದೆ ಮುಂದೆ ಆಡಿಸಿದಾಗ ಎರಡೂ ಡಯಲ್ ಒಟ್ಟಿಗೆ ಓಡಿದರೆ ಸ್ಕ್ರೂವೇ ಉದ್ದಕ್ಕೆ ಜರುಗುತ್ತಿದೆ, ಅಂದರೆ ಥ್ರಸ್ಟ್ ಬೇರಿಂಗ್ ಸಡಿಲವಾಗಿದೆ ಅಥವಾ ಅದರ ಲಾಕ್ ನಟ್ ಬಿಚ್ಚಿದೆ. ಗುಂಡಿನ ಡಯಲ್ ಅಲುಗದೆ ಟೇಬಲ್ ಮಾತ್ರ ಅಲುಗಿದರೆ ದೋಷ ಸ್ಕ್ರೂ ಮೇಲೆ ಓಡುವ ಬಾಲ್ ನಟ್‌ನದ್ದು. ಎರಡೂ ಗಟ್ಟಿ ನಿಂತು, ಮೋಟಾರು ತಿರುಗಿದರೂ ಸ್ಕ್ರೂ ತಡವಾಗಿ ತಿರುಗುತ್ತಿದ್ದರೆ ಕಪ್ಲಿಂಗು, ಕೀ ಅಥವಾ ಬೆಲ್ಟು ನೋಡಬೇಕು. ಸ್ಕ್ರೂ ಹೋಗಿದೆ ಎಂದು ತೀರ್ಮಾನಿಸಿ ಬಿಚ್ಚಿದ ಯಂತ್ರಗಳಲ್ಲಿ ಥ್ರಸ್ಟ್ ಬೇರಿಂಗ್ ಒಂದನ್ನೇ ಬದಲಿಸಿ ಸರಿಹೋದವನ್ನು ನಾನು ಕಂಡಿದ್ದೇನೆ.

ಬಾಲ್ ನಟ್‌ನಲ್ಲಿ ಕೆಲವು ಮೈಕ್ರಾನ್ ದಪ್ಪ ಹೆಚ್ಚಿರುವ ಗುಂಡುಗಳನ್ನು ತುಂಬಿ ಬಿಗಿತ ಮರಳಿ ತರುವ ಪದ್ಧತಿಯಿದೆ. ಸ್ಕ್ರೂ ಉದ್ದಕ್ಕೂ ಸಮನಾಗಿ ಸವೆದಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಡುವಿನಲ್ಲಿ ಮಾತ್ರ ಸವೆದಿದ್ದರೆ ನಡುವಿಗೆ ಹೊಂದಿಸಿದ ನಟ್ ತುದಿಗಳಲ್ಲಿ ಹಿಡಿದು ನಿಲ್ಲುತ್ತದೆ. ಹೊಸ ಸ್ಕ್ರೂ ಕೊಳ್ಳುವುದಾದರೆ ದರ್ಜೆ ಕೇಳಿ ಕೊಳ್ಳಬೇಕು: 300 ಮಿ.ಮೀ. ಉದ್ದದಲ್ಲಿ ಸಿ7 ದರ್ಜೆಗೆ 0.05, ಸಿ5 ದರ್ಜೆಗೆ 0.018, ಸಿ3 ದರ್ಜೆಗೆ 0.008 ಮಿ.ಮೀ. ತಪ್ಪಿನ ಅವಕಾಶವಿದೆ. ದೋಣಿಯ ಕೆಲಸಕ್ಕೆ ಸಿ5 ಸಾಕು. ಅಗ್ಗವೆಂದು ಉರುಳಿಸಿ ಮಾಡಿದ (ರೋಲ್ಡ್) ಸಿ7 ಸ್ಕ್ರೂ ಹಾಕಿದರೆ ಬೇರಿಂಗ್ ಕೂರುವ ರಂಧ್ರಗಳ ನಡುವಿನ ಅಂತರದಲ್ಲಿಯೇ ತಪ್ಪು ಬರುತ್ತದೆ.

ಗಿಬ್ ಹೊಂದಿಸುವ ಮೊದಲು ಎಣ್ಣೆ ಎಲ್ಲೆಡೆ ತಲುಪುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಎಣ್ಣೆಯನ್ನು ಅಳೆದು ಬಿಡುವ ಪ್ರತಿಯೊಂದು ಮೀಟರಿಂಗ್ ನಿಪ್ಪಲ್‌ನ ಮುಂದಿನ ಪೈಪನ್ನು ಬಿಚ್ಚಿ, ಪಂಪು ಒತ್ತಿ, ಹನಿ ಬರುವುದನ್ನು ಕಣ್ಣಿಂದ ನೋಡಬೇಕು. ಹಳೆಯ ಎಣ್ಣೆಗೆ ಕೂಲೆಂಟ್ ಬೆರೆತು ಮೇಣದಂತಾಗಿ ಅರ್ಧಕ್ಕರ್ಧ ನಿಪ್ಪಲ್‌ಗಳು ಕಟ್ಟಿಕೊಂಡಿರುವುದು ತೀರಾ ಸಾಮಾನ್ಯ. ಅವನ್ನು ತೊಳೆದು ಬಳಸುವ ಬದಲು ಹೊಸವನ್ನೇ ಹಾಕಿ. ತುಂಬಬೇಕಾದದ್ದು ವಿಜಿ 68 ದರ್ಜೆಯ ಸ್ಲೈಡ್‌ವೇ ಎಣ್ಣೆ. ಹೈಡ್ರಾಲಿಕ್ ಎಣ್ಣೆಯೂ ಅಲ್ಲ, ದೋಣಿಯ ಎಂಜಿನ್ನಿಗೆ ತಂದು ಉಳಿದದ್ದೂ ಅಲ್ಲ. ಗಿಬ್ಬನ್ನು ಸವೆತ ಕಡಿಮೆಯಿರುವ ತುದಿಗೆ ಹೊಂದಿಸಬೇಕು. ನಡುವಿಗೆ ಬಿಗಿ ಮಾಡಿದರೆ ತುದಿಯಲ್ಲಿ ಟೇಬಲ್ ಸಿಕ್ಕಿಕೊಂಡು ಮೋಟಾರು ಓವರ್‌ಲೋಡ್ ಆಗುತ್ತದೆ.

ಸ್ಪಿಂಡಲ್‌ನ ಟೇಪರನ್ನು (ಟೂಲ್ ಕೂರುವ ಶಂಕುವಿನಾಕಾರದ ರಂಧ್ರವನ್ನು) ಒರೆಸಿ ಮ್ಯಾಂಡ್ರೆಲ್ ಹಾಕಿ, ಮೂತಿಯ ಹತ್ತಿರ ಮತ್ತು 300 ಮಿ.ಮೀ. ಕೆಳಗೆ ಓಟ, ಅಂದರೆ ತಿರುಗಿಸುವಾಗ ಡಯಲ್ ತೋರಿಸುವ ಏರಿಳಿತ, ನೋಡಿ. ಆಮೇಲೆ ಮ್ಯಾಂಡ್ರೆಲ್ಲನ್ನು ಅರ್ಧ ಸುತ್ತು ತಿರುಗಿಸಿ ಹಾಕಿ ಮತ್ತೆ ನೋಡಿ. ತಪ್ಪು ಮ್ಯಾಂಡ್ರೆಲ್‌ನ ಜೊತೆ ತಿರುಗಿದರೆ ಅದು ಮ್ಯಾಂಡ್ರೆಲ್‌ನದ್ದು, ಸ್ಪಿಂಡಲ್‌ನ ಜೊತೆ ನಿಂತರೆ ಟೇಪರಿನದ್ದು ಅಥವಾ ಬೇರಿಂಗಿನದ್ದು. ಮೂತಿಯಲ್ಲಿ 0.01, ಕೆಳಗೆ 0.02 ಮಿ.ಮೀ. ಒಳಗಿದ್ದರೆ ಹಳೆಯ ಯಂತ್ರಕ್ಕೆ ಅದು ಒಳ್ಳೆಯ ಸ್ಥಿತಿ. ಬೇರಿಂಗ್ ಬದಲಿಸಲೇಬೇಕಾದರೆ ಜೋಡಿ ಕೂಡಿಸಿದ ಸೆಟ್ಟನ್ನೇ ತರಿಸಿ, ಒಳಗಿನ ಖಾಲಿ ಜಾಗದ ಕಾಲುಭಾಗದಷ್ಟು ಮಾತ್ರ ಗ್ರೀಸ್ ತುಂಬಿ, ಕಡಿಮೆ ವೇಗದಿಂದ ಹಂತ ಹಂತವಾಗಿ ಏರಿಸುತ್ತ ಓಡಿಸಿ. ಹೆಚ್ಚು ಗ್ರೀಸ್ ಎಂದರೆ ಹೆಚ್ಚು ಆಯುಷ್ಯ ಎಂಬ ಲೆಕ್ಕ ಸ್ಪಿಂಡಲ್‌ಗೆ ಹೊಂದುವುದಿಲ್ಲ, ಬಿಸಿಯಾಗಿ ಹಾಳಾಗುತ್ತದೆ. ಟೂಲ್ ಹಿಡಿಯುವ ಡ್ರಾಬಾರ್‌ನ ತಟ್ಟೆ ಸ್ಪ್ರಿಂಗುಗಳಲ್ಲಿ ಒಡೆದವಿದ್ದರೆ ಇದೇ ಸಮಯಕ್ಕೆ ಇಡೀ ಸೆಟ್ ಬದಲಿಸಬೇಕು.

ಕರೆಂಟಿನ ಕೆಲಸ

ಮೊದಲನೆಯದು ಜೀವದ ಮಾತು. ಮೇನ್ ಆಫ್ ಮಾಡಿದ ಮೇಲೂ ಡ್ರೈವ್‌ಗಳ (ಮೋಟಾರುಗಳಿಗೆ ವಿದ್ಯುತ್ ಹದಮಾಡಿ ಕೊಡುವ ಪೆಟ್ಟಿಗೆಗಳ) ಕೆಪ್ಯಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ: 200 ವೋಲ್ಟಿನ ಡ್ರೈವ್‌ನಲ್ಲಿ ಸುಮಾರು 280 ವೋಲ್ಟ್ ಡಿಸಿ, 415 ವೋಲ್ಟಿನ ಇನ್ವರ್ಟರ್‌ನಲ್ಲಿ ಸುಮಾರು 585 ವೋಲ್ಟ್ ಡಿಸಿ. ಹತ್ತು ನಿಮಿಷ ಕಾದು, ಮೀಟರಿನಲ್ಲಿ ಅಳೆದು ನೋಡಿದ ಮೇಲೆಯೇ ಕೈ ಹಾಕಬೇಕು. ಎರಡನೆಯದು, ಝಡ್ ಅಕ್ಷದ ಮೋಟಾರನ್ನು ಬಿಚ್ಚುವ ಮೊದಲು ಸ್ಪಿಂಡಲ್ ಹೆಡ್‌ನ ಅಡಿಗೆ ದಿಮ್ಮಿ ಕೊಡದಿದ್ದರೆ, ಬ್ರೇಕು ಮೋಟಾರಿನ ಜೊತೆಗೇ ಹೊರಬಂದು ಇನ್ನೂರು ಕೆಜಿಯ ಹೆಡ್ ತಾನಾಗಿ ಕೆಳಗಿಳಿಯುತ್ತದೆ. ಹುಡುಗರಿಗೆ ಇದನ್ನು ಹೇಳಿದರೆ ಸಾಲದು, ದಿಮ್ಮಿಯನ್ನು ನೀವೇ ಇಟ್ಟು ತೋರಿಸಿ.

ಯಂತ್ರ ಇನ್ನೂ ಓಡುತ್ತಿದ್ದರೆ, ಏನನ್ನೂ ಮುಟ್ಟುವ ಮೊದಲು ಪ್ಯಾರಾಮೀಟರುಗಳನ್ನು (ಕಂಟ್ರೋಲ್‌ಗೆ ಯಂತ್ರದ ವಿವರ ಹೇಳುವ ಅಂಕೆಗಳನ್ನು) ಉಳಿಸಿಕೊಳ್ಳಿ. ಫ್ಯಾನಕ್ 0 ಸರಣಿಯಂಥ ಕಂಟ್ರೋಲ್‌ಗಳಲ್ಲಿ ಇವು ಬ್ಯಾಟರಿಯ ಆಸರೆಯಲ್ಲಿ ನಿಂತ ಮೆಮೊರಿಯಲ್ಲಿರುತ್ತವೆ. ಟಾರ್ಚಿಗೆ ಹಾಕುವ ದಪ್ಪ ಸೆಲ್ಲುಗಳು ಮೂರು, ಒಟ್ಟು 4.5 ವೋಲ್ಟ್. ಈ ಸೆಲ್ಲುಗಳನ್ನು ಕಂಟ್ರೋಲ್ ಆನ್ ಇರುವಾಗಲೇ ಬದಲಿಸಬೇಕು. ಆಫ್ ಮಾಡಿ ಬದಲಿಸಿದವರು ಯಂತ್ರದ ನೆನಪನ್ನೆಲ್ಲ ಕಳೆದುಕೊಂಡಿದ್ದಾರೆ. ಸೀರಿಯಲ್ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು ಉತ್ತಮ, ಅದಾಗದಿದ್ದರೆ ಪರದೆಯ ಪ್ರತಿಯೊಂದು ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪ್ಯಾನೆಲ್ ಬಾಗಿಲಿನ ಜೇಬಿನಲ್ಲಿರುವ ಹಳದಿಯಾದ ಕಾಗದಗಳನ್ನು ಎಸೆಯಬೇಡಿ. ಸರ್ಕ್ಯೂಟ್ ಕಾರ್ಡುಗಳ ಮೇಲೆ ಗಾಜಿನ ಕಿಟಕಿಯುಳ್ಳ ಮೆಮೊರಿ ಚಿಪ್‌ಗಳಿಗೆ ಅಂಟಿಸಿದ ಚೀಟಿಯನ್ನೂ ಕೀಳಬೇಡಿ, ಬೆಳಕಿನ ನೇರಳಾತೀತ ಕಿರಣ ಬಿದ್ದು ಒಳಗಿನ ಪ್ರೋಗ್ರಾಮು ಅಳಿಯುತ್ತದೆ.

ಹಳೆಯ ಕಾರ್ಡುಗಳಲ್ಲಿ ಮೊದಲು ಸಾಯುವುದು ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್. ತಲೆ ಉಬ್ಬಿರುವುದು, ಬುಡದಲ್ಲಿ ಜಿಡ್ಡು ಇಳಿದಿರುವುದು ಅದರ ಗುರುತು. ಸೋರಿದ ಕೆಪ್ಯಾಸಿಟರಿಗೆ ಮೀನಿನ ವಾಸನೆ ಇರುತ್ತದೆ. ಘಟ್ಟದ ಮೇಲಿನವರಿಗೆ ಇದು ಉಪಯುಕ್ತ ಸುಳಿವು, ಬಂದರಿನ ಬದಿಯ ವರ್ಕ್‌ಶಾಪಿನಲ್ಲಿ ಅಷ್ಟೊಂದು ಅಲ್ಲ. ಎರಡು ಮೂರು ವರ್ಷ ಮೂಲೆಯಲ್ಲಿ ಬಿದ್ದಿದ್ದ ಡ್ರೈವ್‌ಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಡಬಾರದು. ವೋಲ್ಟೇಜ್ ಏರಿಸಿ ಇಳಿಸಬಲ್ಲ ವೇರಿಯಾಕ್‌ನಿಂದ ಗಂಟೆಗಟ್ಟಲೆ ನಿಧಾನವಾಗಿ ಏರಿಸಿ ಕೆಪ್ಯಾಸಿಟರುಗಳನ್ನು ಎಚ್ಚರಿಸಬೇಕು.

1980ರ ದಶಕದ ಯಂತ್ರಗಳಲ್ಲಿ ಡಿಸಿ ಸರ್ವೋ ಮೋಟಾರುಗಳಿರುತ್ತವೆ. ಕಾರ್ಬನ್ ಬ್ರಷ್ಷುಗಳ ಉದ್ದ ನೋಡಿ, ಒಳಗಿನ ಕಪ್ಪು ಪುಡಿಯನ್ನು ವ್ಯಾಕ್ಯೂಮಿನಿಂದ ಎಳೆದುಕೊಳ್ಳಿ. ಕಂಪ್ರೆಸರ್ ಗಾಳಿ ಊದಿದರೆ ಅದೇ ಪುಡಿ ವೈಂಡಿಂಗ್‌ನ ಒಳಕ್ಕೆ ಹೋಗಿ ಕೂರುತ್ತದೆ. ಮೋಟಾರನ್ನು ಡ್ರೈವ್‌ನಿಂದ ಪೂರ್ತಿ ಬಿಡಿಸಿದ ಮೇಲೆ 500 ವೋಲ್ಟಿನ ಮೆಗ್ಗರಿನಲ್ಲಿ ಇನ್ಸುಲೇಶನ್ ಪರೀಕ್ಷಿಸಿ. ಬಿಡಿಸದೆ ಮೆಗ್ಗರ್ ಹಾಕಿದರೆ ಡ್ರೈವ್ ಸುಡುತ್ತದೆ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಮೋಟಾರು ಬಳಸಬಾರದು. ತೇವದಿಂದಷ್ಟೇ ಕಡಿಮೆಯಾಗಿದ್ದರೆ ಎರಡು ದಿನ ಬೆಚ್ಚಗಿನ ಓವನ್ನಿನಲ್ಲಿ ಒಣಗಿಸಿದಾಗ ಏರುತ್ತದೆ.

ಕಂಟ್ರೋಲ್ ಉಳಿಸುವುದೇ, ಬದಲಿಸುವುದೇ

ನನ್ನ ಅಭಿಪ್ರಾಯದಲ್ಲಿ, ಹಳೆಯ ಕಂಟ್ರೋಲ್ ಓಡುತ್ತಿದ್ದು ಮೆಮೊರಿ ಕಡಿಮೆ ಎಂಬುದೊಂದೇ ದೂರಾದರೆ ಅದನ್ನು ಬದಲಿಸಬಾರದು. ಕೀ-ವೇ, ಫ್ಲೇಂಜುಗಳ ಪ್ರೋಗ್ರಾಮು ನಲವತ್ತು ಸಾಲು ಮೀರುವುದಿಲ್ಲ. ಕಂಟ್ರೋಲ್ ಸತ್ತಿದ್ದು ಮೋಟಾರು ಮತ್ತು ಡ್ರೈವ್ ಜೀವಂತವಿದ್ದರೆ ನಡುವಿನ ದಾರಿಯೊಂದಿದೆ. ಹಳೆಯ ಡ್ರೈವ್‌ಗಳಲ್ಲಿ ಹೆಚ್ಚಿನವು ಧನ 10ರಿಂದ ಋಣ 10 ವೋಲ್ಟಿನವರೆಗಿನ ಸಂಕೇತದಿಂದ ವೇಗ ತಿಳಿಯುತ್ತವೆ. ಲಿನಕ್ಸ್‌ಸಿಎನ್‌ಸಿ ತಂತ್ರಾಂಶದೊಂದಿಗೆ ಮೆಸಾ 7ಐ77ರಂಥ ಕಾರ್ಡು, ಅದು ಜೋಡಣೆಯಾಗುವ ಮೂಲ ಎಫ್‌ಪಿಜಿಎ ಕಾರ್ಡಿನ (ಸಂಕೇತಗಳನ್ನು ವೇಗವಾಗಿ ನಿಭಾಯಿಸುವ ಕಾರ್ಡಿನ) ಜೊತೆ, ಇಂಥ ಆರು ಸಂಕೇತಗಳನ್ನು ಕೊಟ್ಟು ಮೋಟಾರು ಎಷ್ಟು ತಿರುಗಿತು ಎಂದು ತಿಳಿಸುವ ಆರು ಎನ್‌ಕೋಡರುಗಳನ್ನು ಓದುತ್ತದೆ. ಲಿನಕ್ಸ್‌ಸಿಎನ್‌ಸಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನಲ್ಲಿ 1990ರ ದಶಕದಲ್ಲಿ ಹುಟ್ಟಿದ ಯೋಜನೆಯಿಂದ ಬೆಳೆದದ್ದು, ಉಚಿತ. ಕಲಿಯಲು ಸಮಯ ಬೇಕು. ಸಮಯವಿಲ್ಲದವರು ತೈವಾನ್ ಅಥವಾ ಚೀನಾದ ಸಿದ್ಧ ಕಂಟ್ರೋಲ್‌ಗೆ ಹೋಗುವುದೇ ಸರಿ.

ಡ್ರೈವ್‌ಗಳೂ ಸತ್ತಿದ್ದರೆ ಮೋಟಾರು, ಡ್ರೈವ್, ಕಂಟ್ರೋಲ್ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಇಲ್ಲಿ ಮೋಟಾರನ್ನು ಲೆಕ್ಕ ಹಾಕದೆ ತರಿಸುವವರೇ ಹೆಚ್ಚು. ಒಂದು ಲೆಕ್ಕ ನೋಡಿ. ಟೇಬಲ್, ವೈಸ್, ಜಾಬ್ ಸೇರಿ 400 ಕೆಜಿ. ಬಾಕ್ಸ್ ಸ್ಲೈಡ್‌ವೇಯ ಘರ್ಷಣೆಯ ಗುಣಾಂಕ 0.12 ಎಂದುಕೊಂಡರೆ ಟೇಬಲ್ ಜರುಗಿಸಲು ಸುಮಾರು 470 ನ್ಯೂಟನ್ ಬೇಕು. ಕಟಿಂಗ್‌ಗೆ 2000 ನ್ಯೂಟನ್ ಸೇರಿಸಿದರೆ 2470. ಸ್ಕ್ರೂವಿನ ಪಿಚ್ 10 ಮಿ.ಮೀ., ದಕ್ಷತೆ 0.9 ಆದಾಗ ಬೇಕಾದ ಟಾರ್ಕು ಸುಮಾರು 4.4 ನ್ಯೂಟನ್ ಮೀಟರ್. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ 750 ವ್ಯಾಟಿನ 3000 ಆರ್‌ಪಿಎಂ ಸರ್ವೋ ನಿರಂತರವಾಗಿ ಕೊಡುವುದು 2.4 ಮಾತ್ರ. ಅದೇ 1 ಕಿಲೋವ್ಯಾಟಿನ 2000 ಆರ್‌ಪಿಎಂ ಮೋಟಾರು 4.77 ಕೊಡುತ್ತದೆ, ವೇಗವೂ ನಿಮಿಷಕ್ಕೆ 20 ಮೀಟರ್ ಸಿಗುತ್ತದೆ. ಆದ್ದರಿಂದ ಮೋಟಾರಿನ ವ್ಯಾಟ್ ಕೇಳಿ ತರಿಸುವ ಬದಲು ಟಾರ್ಕು ಕೇಳಿ ತರಿಸಬೇಕು. ಪ್ರತಿಭಾರವಿಲ್ಲದ ಝಡ್ ಅಕ್ಷದಲ್ಲಿ 200 ಕೆಜಿ ಹೆಡ್ಡನ್ನು ಎತ್ತಿ ಹಿಡಿಯುವುದಕ್ಕೇ ಸುಮಾರು 3.5 ನ್ಯೂಟನ್ ಮೀಟರ್ ಹೋಗುತ್ತದೆ, ಹಾಗಾಗಿ ಅಲ್ಲಿ ಇನ್ನೂ ದೊಡ್ಡ, ಬ್ರೇಕಿರುವ ಮೋಟಾರೇ ಬೇಕು. ಈ ಗಾತ್ರದ ಯಂತ್ರಕ್ಕೆ ಸ್ಟೆಪ್ಪರ್ ಮೋಟಾರು ಹಾಕುವುದನ್ನು ನಾನು ಒಪ್ಪುವುದಿಲ್ಲ. ವೇಗ ಏರಿದಂತೆ ಅದರ ಬಲ ಇಳಿಯುತ್ತದೆ, ಹೆಜ್ಜೆ ತಪ್ಪಿದ್ದು ಯಂತ್ರಕ್ಕೆ ಗೊತ್ತಾಗುವುದೂ ಇಲ್ಲ.

ಎನ್‌ಕೋಡರು 2500 ಗೆರೆಯದಾದರೆ ನಾಲ್ಕು ಪಟ್ಟು ಎಣಿಸಿ ಸುತ್ತಿಗೆ 10,000 ಎಣಿಕೆ, 10 ಮಿ.ಮೀ. ಪಿಚ್‌ನಲ್ಲಿ ಎಣಿಕೆಗೆ 0.001 ಮಿ.ಮೀ. ನಿಮಿಷಕ್ಕೆ 15 ಮೀಟರ್ ಓಡಬೇಕಾದರೆ ಸೆಕೆಂಡಿಗೆ ಎರಡೂವರೆ ಲಕ್ಷ ಪಲ್ಸ್ (ವಿದ್ಯುತ್ ಮಿಡಿತ) ಬೇಕು. ಹಳೆಯ ಕಂಪ್ಯೂಟರಿನ ಪ್ಯಾರಲಲ್ ಪೋರ್ಟು ಕೆಲವು ಹತ್ತು ಸಾವಿರಗಳಲ್ಲಿಯೇ ನಿಲ್ಲುತ್ತದೆ, ಆದ್ದರಿಂದ ಪಲ್ಸನ್ನು ಹೊರಗಿನ ಕಾರ್ಡೇ ಹುಟ್ಟಿಸಬೇಕು.

ಎಮರ್ಜೆನ್ಸಿ ಸ್ವಿಚ್ಚು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸಿ ಸುಮ್ಮನಾಗಬಾರದು. ಡ್ರೈವ್‌ಗಳ ವಿದ್ಯುತ್ತನ್ನು ಕಂಟ್ಯಾಕ್ಟರ್ ಮೂಲಕ ತಾನೇ ಕಡಿಯಬೇಕು. ಅಕ್ಷ ತನ್ನ ಮಿತಿ ದಾಟದಂತೆ ತಡೆಯುವ ಲಿಮಿಟ್ ಸ್ವಿಚ್ಚುಗಳೂ ಎಮರ್ಜೆನ್ಸಿ ಸ್ವಿಚ್ಚೂ ಸದಾ ಮುಚ್ಚಿದ ಸಂಪರ್ಕದವೇ ಆಗಿರಲಿ, ಆಗ ವೈರು ತುಂಡಾದರೆ ಯಂತ್ರ ನಿಲ್ಲುತ್ತದೆ.

ಉಪ್ಪುಗಾಳಿ, ಪ್ಯಾನೆಲ್ ಮತ್ತು ಅರ್ಥಿಂಗ್

ಕರಾವಳಿಯಲ್ಲಿ ನವೀಕರಣದ ಅರ್ಧಭಾಗ ಇದೇ. ಬೆಂಗಳೂರಿನ ಪ್ಯಾನೆಲ್ ಮಾಡುವವರು ಬಾಗಿಲಿಗೆ ಫ್ಯಾನು, ಇನ್ನೊಂದು ಬದಿಗೆ ಜಾಲರಿ ಇಟ್ಟು ಕೊಡುತ್ತಾರೆ. ಕಾರವಾರದಲ್ಲಿ ಆ ಫ್ಯಾನು ದಿನವಿಡೀ ಉಪ್ಪಿನ ತೇವವನ್ನು ಕಾರ್ಡುಗಳ ಮೇಲೆ ಊದುತ್ತದೆ. ಜಾಲರಿ ಮುಚ್ಚಿ, ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಹೊಸದು ಹಾಕಿ, ಒಳಗಿನ ಗಾಳಿ ಒಳಗೇ ಸುತ್ತುವ ಪ್ಯಾನೆಲ್ ಎಸಿ ಅಥವಾ ಹೀಟ್ ಎಕ್ಸ್‌ಚೇಂಜರ್ ಕೂರಿಸಬೇಕು. ಯಂತ್ರ ನಿಂತಿರುವಾಗ ಒಳಗೆ ಹನಿಗಟ್ಟದಂತೆ ಥರ್ಮೋಸ್ಟ್ಯಾಟ್ ಇರುವ ಚಿಕ್ಕ ಹೀಟರ್ ಬೇಕು. ಅದಿಲ್ಲದವರು ಹಳೆಯ ಕಾಲದ 60 ವ್ಯಾಟಿನ ಬಲ್ಬನ್ನು ತಳದಲ್ಲಿ ಉರಿಸಿಡುತ್ತಾರೆ, ಅದೂ ಕೆಲಸ ಮಾಡುತ್ತದೆ. ಎಲ್‌ಇಡಿ ಬಲ್ಬು ಬಿಸಿಯಾಗದ ಕಾರಣ ಪ್ರಯೋಜನವಿಲ್ಲ. ಕೇಬಲ್ ಒಳಬರುವ ಪ್ರತಿಯೊಂದು ತೂತಿಗೂ ಗ್ಲ್ಯಾಂಡ್ ಹಾಕಿ. ಇದು ತೇವಕ್ಕಷ್ಟೇ ಅಲ್ಲ, ಹಲ್ಲಿಗೂ. ಬೆಚ್ಚಗಿನ ಪ್ಯಾನೆಲ್ ಹಲ್ಲಿಗಳಿಗೆ ಬಹಳ ಇಷ್ಟ, ಕಂಟ್ಯಾಕ್ಟರಿನ ಎರಡು ಫೇಸಿನ ನಡುವೆ ಅಡ್ಡ ಮಲಗಿದ ಹಲ್ಲಿ ತಾನೂ ಸತ್ತು ಕಂಟ್ಯಾಕ್ಟರನ್ನೂ ಸುಡುತ್ತದೆ.

ಕಾರ್ಡುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಪೂರ್ತಿ ಒಣಗಿಸಿ, ಕನೆಕ್ಟರುಗಳಿಗೆ ಟೇಪು ಸುತ್ತಿ, ರಕ್ಷಣಾ ಲೇಪನ ಸಿಂಪಡಿಸಿ. ವೈರಿನ ತುದಿಗಳಿಗೆ ತವರ ಲೇಪಿಸಿದ ತಾಮ್ರದ ಲಗ್ಗುಗಳನ್ನೇ ಒತ್ತಬೇಕು. ಬರಿಯ ತಾಮ್ರ ಒಂದೇ ಮಳೆಗಾಲದಲ್ಲಿ ಹಸಿರಾಗಿ, ಎರಡನೆಯದರಲ್ಲಿ ಬಿಟ್ಟು ಬಿಟ್ಟು ಕೈಕೊಡುವ ದೋಷಗಳನ್ನು ಹುಟ್ಟಿಸುತ್ತದೆ. ಅಂಥ ದೋಷ ಹುಡುಕುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಯಂತ್ರಕ್ಕೆಂದೇ ಎರಡು ಅರ್ಥಿಂಗ್ ಗುಂಡಿಗಳನ್ನು ಮಾಡಿ, ಏಪ್ರಿಲ್ ತಿಂಗಳಲ್ಲಿ ಅಳೆಯಿರಿ. ಮಳೆಗಾಲದ ಅಳತೆ ನಂಬುವಂಥದ್ದಲ್ಲ. ಯಂತ್ರದ ಮೈ, ಪ್ಯಾನೆಲ್, ಡ್ರೈವ್‌ಗಳ ಅರ್ಥ್ ವೈರುಗಳೆಲ್ಲ ಒಂದೇ ತಾಮ್ರದ ಪಟ್ಟಿಗೆ ಬೇರೆ ಬೇರೆಯಾಗಿ ಬಂದು ಸೇರಬೇಕು, ಒಂದರಿಂದ ಒಂದಕ್ಕೆ ಸರಪಳಿಯಾಗಿ ಹೋಗಬಾರದು. ನ್ಯೂಟ್ರಲ್ಲನ್ನೇ ಅರ್ಥ್ ಎಂದು ಕೂಡಿಸುವ ಅಭ್ಯಾಸವನ್ನು ಬಿಡಲೇಬೇಕು. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿಗೆ ಸರ್ಜ್ ರಕ್ಷಕ, ಗಾಳಿಗೆ ಮರ ಬಿದ್ದು ಒಂದು ಫೇಸ್ ಹೋದಾಗ ಕಡಿಯುವ ಫೇಸ್ ಫೇಲ್ಯೂರ್ ರಿಲೇ, ವೋಲ್ಟೇಜ್ ಏರಿಳಿತಕ್ಕೆ ಸರ್ವೋ ಸ್ಟೆಬಿಲೈಸರ್, ಈ ಮೂರಕ್ಕೆ ಮೊದಲೇ ಹಣ ತೆಗೆದಿಡಿ. ಲೈನಿನ ಕೆಲಸ ಮಾಡಿ ಹೋದ ಮೇಲೆ ಫೇಸುಗಳ ಕ್ರಮ ಬದಲಾಗಿದ್ದರೆ ಕೂಲೆಂಟ್ ಪಂಪು ತಿರುಗುಮುರುಗಾಗಿ ಓಡುತ್ತದೆ, ಆ ರಿಲೇ ಇದನ್ನೂ ಹಿಡಿಯುತ್ತದೆ.

ಓಡಿಸಿ ನೋಡುವುದು

ಟ್ಯೂನಿಂಗ್‌ನಲ್ಲಿ ಮೊದಲು ಡ್ರೈವ್‌ನ ವೇಗದ ಲೂಪು (ಅಳೆದು ತಿದ್ದುವ ಸುತ್ತು), ಆಮೇಲೆ ಕಂಟ್ರೋಲ್‌ನ ಸ್ಥಾನದ ಲೂಪು. ಗೇನ್ (ತಪ್ಪನ್ನು ತಿದ್ದುವ ಚುರುಕು) ಏರಿಸುತ್ತ ಹೋಗಿ, ಮೋಟಾರು ಗುಂಯ್ ಎನ್ನಲು ತೊಡಗಿದಲ್ಲಿಂದ ಮೂರನೇ ಒಂದು ಭಾಗ ಇಳಿಸಿ. ಎಕ್ಸ್ ಮತ್ತು ವೈ ಎರಡರ ಗೇನ್ ಒಂದೇ ಇರಬೇಕು. ಬೇರೆಯಾದರೆ ವೃತ್ತ 45 ಡಿಗ್ರಿಯಲ್ಲಿ ಓರೆಯಾಗಿ ಉದ್ದವಾಗುತ್ತದೆ.

ಸ್ಪಿಂಡಲ್‌ಗೆ ಡಯಲ್ ಕಟ್ಟಿ ಟೇಬಲ್ ಮೇಲೆ 300 ಮಿ.ಮೀ. ವ್ಯಾಸದಲ್ಲಿ ಸುತ್ತಿಸಿ, ವ್ಯತ್ಯಾಸ 0.02 ಮಿ.ಮೀ. ಒಳಗೆ ಬರುವಂತೆ ಹೆಡ್ ಹೊಂದಿಸಿ. ಯಂತ್ರ ಅರ್ಧ ಗಂಟೆ ಓಡಿ ಬೆಚ್ಚಗಾದ ಮೇಲೆ ಅಲ್ಯೂಮಿನಿಯಂ ತುಂಡಿನ ಮೇಲೆ ಒಂದು ಚೌಕ, ಅದರ ಮೇಲೆ ಓರೆ ಚೌಕ, ಅದರ ಮೇಲೆ ವೃತ್ತ ಕೊರೆಯಿರಿ. ಎನ್‌ಎಎಸ್ 979 ಎಂಬ ಪರೀಕ್ಷೆಯ ಮಾದರಿ ಇದೇ. ಚೌಕದ ಕರ್ಣಗಳು ಬೇರೆ ಬೇರೆ ಬಂದರೆ ಅಕ್ಷಗಳು ಲಂಬವಾಗಿಲ್ಲ. ವೃತ್ತದ ನಾಲ್ಕು ದಿಕ್ಕುಗಳಲ್ಲಿ ಚಿಕ್ಕ ಗೆರೆ ಬಿದ್ದಿದ್ದರೆ ಅಲ್ಲಿ ಅಕ್ಷ ದಿಕ್ಕು ಬದಲಿಸುವಾಗ ಪ್ಲೇ ಅಥವಾ ಅಂಟಿಕೊಳ್ಳುವ ಗಿಬ್ ಕಾರಣ. ಬ್ಯಾಕ್‌ಲ್ಯಾಶ್ ಅಂಕೆಯನ್ನು ಕಂಟ್ರೋಲ್‌ನಲ್ಲಿ ಬರೆಯಬೇಕಾದದ್ದು ಈಗ, ಎಲ್ಲ ಮುಗಿದ ಮೇಲೆ.

ಕೂಲೆಂಟನ್ನು 5ರಿಂದ 8 ಶೇಕಡಾ ಬೆರೆಸಿ, ರಿಫ್ರ್ಯಾಕ್ಟೊಮೀಟರಿನಲ್ಲಿ ನೋಡಿ. ಬೇಸಿಗೆಯ ಕೊನೆಗೆ ಕಡಲಬದಿಯ ಬಾವಿಗಳಲ್ಲಿ ಉಪ್ಪು ಏರುತ್ತದೆ, ಆ ನೀರನ್ನು ಬೆರೆಸಿದರೆ ಜಾಬ್ ಮತ್ತು ಟೇಬಲ್ ಎರಡಕ್ಕೂ ರಾತ್ರಿಯೊಳಗೆ ತುಕ್ಕು ಹಿಡಿಯುತ್ತದೆ. ಮೊದಲ ಕೆಲವು ಮಳೆ ಹೋದ ಮೇಲೆ ಮಾಡಿನಿಂದ ಹಿಡಿದ ನೀರು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಸಂಜೆ ಯಂತ್ರ ನಿಲ್ಲಿಸುವಾಗ ಟೇಬಲ್ ಒರೆಸಿ ಸ್ಲೈಡ್‌ವೇ ಎಣ್ಣೆ ಸವರಿ, ಸ್ಪಿಂಡಲ್‌ನಿಂದ ಟೂಲ್ ಹೋಲ್ಡರ್ ತೆಗೆದು ಟೇಪರ್ ಒರೆಸಿಡಿ. ಹೋಲ್ಡರ್ ಹಾಗೆಯೇ ಬಿಟ್ಟರೆ ಟೇಪರಿನಲ್ಲಿ ಕಂದು ಕಲೆ ಬೀಳುತ್ತದೆ. ಕಂಟ್ರೋಲ್‌ನ ಮತ್ತು ಪ್ಯಾನೆಲ್ ಹೀಟರಿನ ಕರೆಂಟನ್ನು ಮಾತ್ರ ಆಫ್ ಮಾಡದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿಯೂ ಹಾಗೇ ಇರಲು ಬಿಡಬೇಕು.